ಮರೆವಿನ ರೋಗವೂ ಮಿದುಳಿನ ಬಾದಾಮಿಯೂ

ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗೆ ಪ್ರತಿವರ್ಷವೂ ವಿಜ್ಞಾನಕ್ಕೆ ಸಂಬಂಧಪಟ್ಟ ಒಂದು ಪಾಠವನ್ನು ಬರೆಯುವುದು ನಮ್ಮ ವಾಡಿಕೆ. ಈ ಸಲದ ವಿಷಯವನ್ನು ನಾವಾಗಿ ಆರಿಸಿಕೊಳ್ಳಲಿಲ್ಲ; ಶಾಲೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯೇ ಅದನ್ನು ಆರಿಸಿಕೊಟ್ಟಿತು.

ಏಳನೆಯ ತರಗತಿಯ ಬಾಲಕನೊಬ್ಬನ ಮೇಲೆ ಅವನ ಅಜ್ಜಿಯವರೇ ಕಳವಿನ ಆರೋಪವನ್ನು ಹೊರಿಸಿದರು. ತಮ್ಮ ಎಲೆಯಡಕೆಯ ಸಂಚಿಯನ್ನೂ ಅದರಲ್ಲಿದ್ದ ಹಣವನ್ನೂ ಮೊಮ್ಮಗನು ತೆಗೆದನೆಂದು ನೆರೆಮನೆಯವರಲ್ಲಿ ಹೇಳಿದರು. ಆ ಮಾತು ನಮ್ಮ ಕಿವಿಗೂ ಬಿದ್ದಿತು. ಶಿಸ್ತಿನ ಹೊಣೆಯನ್ನು ಹೊತ್ತ ನಾವು ಹುಡುಗನನ್ನು ಕೊಠಡಿಗೆ ಕರೆಯಿಸಿ ವಿಚಾರಿಸಿದೆವು. “ನಾನು ತೆಗೆಯಲಿಲ್ಲ ಮಾಸ್ಟ್ರೆ” ಎಂದಷ್ಟೇ ಹೇಳಿ ಅವನು ಅತ್ತುಬಿಟ್ಟನು. ಆ ಅಳುವನ್ನು ತಪ್ಪೊಪ್ಪಿಗೆಯೆಂದೇ ನಾವು ಭಾವಿಸಿದೆವು. ಎರಡು ದಿನಗಳ ಮೇಲೆ ಅವನ ತಾಯಿಯವರು ಶಾಲೆಗೆ ಬಂದರು. ಸಂಚಿಯು ಅಕ್ಕಿಯ ಡಬ್ಬಿಯೊಳಗೆ ಸಿಕ್ಕಿತೆಂದೂ, ಅತ್ತೆಯವರೇ ಅದನ್ನು ಅಲ್ಲಿ ಅಡಗಿಸಿಟ್ಟು ಮರೆತಿದ್ದರೆಂದೂ, ಕೆಲವು ತಿಂಗಳುಗಳಿಂದ ಅವರಿಗೆ ಆಲ್ಝೈಮರ್ ಎಂಬ ಮಿದುಳಿನ ರೋಗವಿರುವುದಾಗಿ ವೈದ್ಯರು ತಿಳಿಸಿರುವರೆಂದೂ ಹೇಳಿದರು. ನಾವು ತಲೆ ತಗ್ಗಿಸಿದೆವು. ಮರುದಿನ ಹುಡುಗನನ್ನು ಕರೆದು, ತಪ್ಪು ನಮ್ಮದೆಂದು ಅವನೊಡನೆ ಒಪ್ಪಿಕೊಂಡೆವು.

ಆಗ ಅವನು ಒಂದು ಪ್ರಶ್ನೆಯನ್ನು ಕೇಳಿದನು: “ಮರೆವು ಬಂದರೆ ಮರೆಯಬೇಕಷ್ಟೆ, ಅಜ್ಜಿಗೆ ನನ್ನ ಮೇಲೆ ಸಿಟ್ಟು ಯಾಕೆ ಬರುವುದು?”

ಪ್ರಶ್ನೆ ಯೋಗ್ಯವಾದುದು. ಅದಕ್ಕೆ ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ತರುವಾಯ ಓದಿ ತಿಳಿದುಕೊಂಡುದನ್ನು ವಿದ್ಯಾರ್ಥಿಗಳ ಮತ್ತು ಅವರ ಹೆತ್ತವರ ಮುಂದೆ ಇಲ್ಲಿ ಇಡುತ್ತಿದ್ದೇವೆ.

ರೋಗವು ಬೆಳಕಿಗೆ ಬಂದ ಬಗೆ

“ಅರವತ್ತಕ್ಕೆ ಅರಳುಮರಳು” ಎಂಬ ಗಾದೆ ನಮ್ಮಲ್ಲಿದೆ. ವೃದ್ಧಾಪ್ಯದಲ್ಲಿ ಬುದ್ಧಿ ಮಂಕಾಗುವುದು ಪ್ರಕೃತಿ ನಿಯಮವೆಂದೇ ಎಲ್ಲ ದೇಶದ ಜನರೂ ಬಹುಕಾಲ ನಂಬಿದ್ದರು. ಅದು ಕೇವಲ ವಯಸ್ಸಿನ ಧರ್ಮವಲ್ಲ, ಮಿದುಳಿನಲ್ಲಿ ಕಣ್ಣಿಗೆ ಕಾಣುವಂತಹ ವಿಕಾರವನ್ನುಂಟುಮಾಡುವ ಒಂದು ರೋಗವೆಂಬುದನ್ನು ತೋರಿಸಿಕೊಟ್ಟವನು ಜರ್ಮನಿಯ ವೈದ್ಯನಾದ ಆಲೊಯಿಸ್ ಆಲ್ಝೈಮರ್. ಇವನು ೧೮೬೪ರಲ್ಲಿ ಹುಟ್ಟಿ ೧೯೧೫ರಲ್ಲಿ ತೀರಿಕೊಂಡನು.

೧೯೦೧ನೆಯ ನವೆಂಬರ್ ತಿಂಗಳಲ್ಲಿ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ ಆಗುಸ್ಟೆ ಡೆಟರ್ ಎಂಬ ಸ್ತ್ರೀಯನ್ನು ಕರೆತಂದರು. ಆಕೆಗೆ ಆಗ ೫೧ ವರ್ಷ. ಅರವತ್ತು ಕೂಡ ತುಂಬಿರಲಿಲ್ಲ. ಹೆಸರೇನೆಂದು ಕೇಳಿದರೆ ಆಗುಸ್ಟೆ ಎಂದು ಹೇಳುವಳು. ಗಂಡನ ಹೆಸರೇನೆಂದು ಕೇಳಿದರೂ ಆಗುಸ್ಟೆ ಎಂದೇ ಹೇಳುವಳು. ಆದರೆ ನಮ್ಮ ಇಂದಿನ ವಿಷಯಕ್ಕೆ ಮುಖ್ಯವಾದುದು ಬೇರೊಂದಿದೆ. ಆಕೆಯಲ್ಲಿ ಮೊದಲು ಎದ್ದುಕಂಡ ಲಕ್ಷಣವು ಮರೆವಲ್ಲ, ಗಂಡನ ಮೇಲಣ ಸಂಶಯವೆಂದು ಆಲ್ಝೈಮರನು ತನ್ನ ಲೇಖನದಲ್ಲಿ ಬರೆದಿರುವನು. ಆಕೆಯು ಮನೆಯ ಸಾಮಾನುಗಳನ್ನು ಅತ್ತಿತ್ತ ಒಯ್ದು ಅಡಗಿಸಿಡುತ್ತಿದ್ದಳು. ಯಾರೋ ತನ್ನನ್ನು ಕೊಲ್ಲಲು ಬರುತ್ತಿರುವರೆಂದು ಕೂಗಿಕೊಳ್ಳುತ್ತಿದ್ದಳು. ನಮ್ಮ ಅಜ್ಜಿಯವರ ಎಲೆಯಡಕೆಯ ಸಂಚಿಗೂ ಫ್ರಾಂಕ್‌ಫರ್ಟಿನ ಆ ಸ್ತ್ರೀಯ ಕತೆಗೂ ಎಷ್ಟು ಹತ್ತಿರದ ಹೋಲಿಕೆ!

೧೯೦೬ರ ಏಪ್ರಿಲ್ ತಿಂಗಳಲ್ಲಿ ಆಕೆ ಮರಣಹೊಂದಿದಳು. ಆಗ ಮ್ಯೂನಿಕ್ ನಗರದಲ್ಲಿದ್ದ ಆಲ್ಝೈಮರನು ಆಕೆಯ ಮಿದುಳನ್ನು ತರಿಸಿಕೊಂಡು, ತೆಳುವಾದ ಪದರಗಳಾಗಿ ಕತ್ತರಿಸಿ, ಬೆಳ್ಳಿಯ ಲವಣದಿಂದ ಬಣ್ಣಕಟ್ಟಿ, ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿದನು. ನರಕೋಶಗಳ ಒಳಗೆ ನೂಲಿನ ಸಿಕ್ಕುಗಳೂ, ಕೋಶಗಳ ನಡುವೆ ಯಾವುದೋ ವಸ್ತುವಿನ ಹೆಪ್ಪುಗಳೂ ಅವನಿಗೆ ಕಂಡುಬಂದುವು. ಅದೇ ವರ್ಷದ ನವೆಂಬರ್ ೩ರಂದು ಟ್ಯೂಬಿಂಗೆನ್ ಎಂಬಲ್ಲಿ ಸೇರಿದ ವೈದ್ಯರ ಸಭೆಯಲ್ಲಿ ಅವನು ಇದನ್ನು ವಿವರಿಸಿದನು. ೧೯೧೦ರಲ್ಲಿ ಎಮಿಲ್ ಕ್ರೆಪೆಲಿನ್ ಎಂಬ ಪ್ರಸಿದ್ಧ ವೈದ್ಯನು ತನ್ನ ಗ್ರಂಥದಲ್ಲಿ ಈ ರೋಗಕ್ಕೆ ಆಲ್ಝೈಮರನ ಹೆಸರನ್ನು ಕೊಟ್ಟನು.

ಅಮಿಗ್ಡಲವೆಂದರೇನು?

ಮನುಷ್ಯನ ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆ. ಇವೆಲ್ಲವೂ ಒಂದೇ ಕೆಲಸವನ್ನು ಮಾಡುವುದಿಲ್ಲ. ಒಂದು ಊರಿನಲ್ಲಿ ಅಂಚೆ ಕಚೇರಿ, ಶಾಲೆ, ಪೋಲೀಸ್ ಠಾಣೆ ಇವು ಬೇರೆ ಬೇರೆಯಾಗಿದ್ದರೂ ಒಂದಕ್ಕೊಂದು ಹೊಂದಿಕೊಂಡು ನಡೆಯುವಂತೆ ಮಿದುಳಿನಲ್ಲಿಯೂ ಭಾಗಗಳಿವೆ. ಇವುಗಳಲ್ಲಿ ಎರಡನ್ನು ಮಾತ್ರ ನಾವೀಗ ನೆನಪಿಡೋಣ.

ನಿಮ್ಮ ಕಣತಲೆಯ ಮೇಲೆ ಬೆರಳಿಟ್ಟುಕೊಳ್ಳಿರಿ. ಅಲ್ಲಿಂದ ಒಳಗೆ, ಮಿದುಳಿನ ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ ಬಾದಾಮಿಯ ಆಕಾರದ ಎರಡು ಕೋಶಸಮೂಹಗಳಿವೆ. ಬಾದಾಮಿಗೆ ಗ್ರೀಕ್ ಭಾಷೆಯಲ್ಲಿರುವ ಹೆಸರನ್ನೇ ಇಟ್ಟು ವಿಜ್ಞಾನಿಗಳು ಇದನ್ನು ಅಮಿಗ್ಡಲವೆಂದು ಕರೆದಿರುವರು. ಒಂದೊಂದು ಬದಿಯಲ್ಲಿ ಸುಮಾರು ೧ ಕೋಟಿ ೨೦ ಲಕ್ಷ ನರಕೋಶಗಳಿವೆಯೆಂದು ಲೆಕ್ಕ ಹಾಕಿರುವರು. ಇದು ಒಂದೇ ಮುದ್ದೆಯಲ್ಲ. ಹತ್ತಕ್ಕೂ ಮಿಕ್ಕಿದ ಸಣ್ಣ ಸಣ್ಣ ಕೇಂದ್ರಗಳ ಗುಂಪು. ಇದರ ಹಿಂದೆಯೇ ಕಡಲಕುದುರೆಯಂತೆ ಬಾಗಿರುವ ಹಿಪ್ಪೊಕ್ಯಾಂಪಸ್ ಎಂಬ ಭಾಗವಿದೆ.

ಇವೆರಡರ ಕೆಲಸವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಹಿಪ್ಪೊಕ್ಯಾಂಪಸ್ ದಿನಚರಿಯನ್ನು ಬರೆಯುವ ಗುಮಾಸ್ತ. ಯಾರು ಬಂದರು, ಏನು ಹೇಳಿದರು, ಸಂಚಿಯನ್ನು ಎಲ್ಲಿಟ್ಟೆವು ಎಂಬ ವಿವರಗಳನ್ನು ದಾಖಲೆ ಮಾಡುವುದು ಅದರ ಕೆಲಸ. ಅಮಿಗ್ಡಲವು ಆ ದಿನಚರಿಯ ಕೆಲವು ಸಾಲುಗಳ ಕೆಳಗೆ ಕೆಂಪು ಗೆರೆಯನ್ನು ಎಳೆಯುವ ಅಧಿಕಾರಿ. ಇದು ಅಪಾಯ, ಇದು ಸಂತೋಷ, ಇದು ನಮ್ಮವರ ಮುಖ, ಇದು ಮುನಿದ ಧ್ವನಿ ಎಂದು ಅದು ಗುರುತು ಹಾಕುತ್ತದೆ. ಕತ್ತಲಲ್ಲಿ ಹಗ್ಗವನ್ನು ಮೆಟ್ಟಿ ಹಾವೆಂದು ನೀವು ಹಾರಿ ನಿಲ್ಲುವಿರಷ್ಟೆ? ಅದು ಹಗ್ಗವೆಂದು ಬುದ್ಧಿಗೆ ತಿಳಿಯುವುದಕ್ಕೆ ಮೊದಲೇ ಎದೆ ಡವಡವನೆ ಬಡಿದುಕೊಳ್ಳುವಂತೆ ಮಾಡುವುದರಲ್ಲಿ ಅಮಿಗ್ಡಲಕ್ಕೆ ದೊಡ್ಡ ಪಾಲಿದೆ. ಕಳೆದ ಸೋಮವಾರ ಊಟಕ್ಕೆ ಏನಿತ್ತೆಂಬುದು ನಮಗೆ ಮರೆತುಹೋಗುವುದು. ಬಾಲ್ಯದಲ್ಲಿ ಬಾವಿಗೆ ಬೀಳುವಷ್ಟರಲ್ಲಿ ತಂದೆಯವರು ಕೈಹಿಡಿದು ಎಳೆದುದು ಎಂದಿಗೂ ಮರೆಯದು. ಅಮಿಗ್ಡಲವು ಎಳೆದ ಕೆಂಪು ಗೆರೆಯ ಮಹಿಮೆ ಇದು.

ಈ ವಿಷಯಗಳು ಊಹೆಯಿಂದ ಬಂದವಲ್ಲ. ೧೯೩೭ರಲ್ಲಿ ಅಮೇರಿಕಾದ ಷಿಕಾಗೊ ನಗರದಲ್ಲಿ ಹೈನ್ರಿಕ್ ಕ್ಲೂವರ್ ಮತ್ತು ಪಾಲ್ ಬ್ಯೂಸಿ ಎಂಬವರು ಕಣತಲೆಯ ಕಡೆಯ ಮಿದುಳಿನ ಭಾಗಗಳನ್ನು ತೆಗೆದುಹಾಕಿದ ಕೋತಿಗಳು ಭಯವನ್ನೇ ಕಳೆದುಕೊಂಡುದನ್ನು ಕಂಡರು. ೧೯೫೬ರಲ್ಲಿ ಲಾರೆನ್ಸ್ ವೈಸ್‌ಕ್ರಾಂಟ್ಸ್ ಎಂಬ ವಿಜ್ಞಾನಿಯು ಈ ಬದಲಾವಣೆಗೆ ಅಮಿಗ್ಡಲದ ನಾಶವೇ ಮುಖ್ಯ ಕಾರಣವೆಂದು ತೋರಿಸಿದನು. ಒಂದು ವಿರಳ ರೋಗದಿಂದ ಎರಡೂ ಬದಿಯ ಅಮಿಗ್ಡಲವನ್ನು ಕಳೆದುಕೊಂಡ ಅಮೇರಿಕಾದ ಸ್ತ್ರೀಯೊಬ್ಬಳ ವಿಷಯವನ್ನು ೧೯೯೪ರಿಂದೀಚೆಗೆ ಅನೇಕ ಲೇಖನಗಳಲ್ಲಿ ವರ್ಣಿಸಿರುವರು. ಇತರರ ಮುಖದಲ್ಲಿ ಭಯವನ್ನು ಗುರುತಿಸಲು ಆಕೆಗೆ ಆಗುತ್ತಿರಲಿಲ್ಲ. ಹಾವನ್ನು ತಂದು ತೋರಿಸಿದರೆ ಅಂಜದೆ ಕೈಯಲ್ಲಿ ಹಿಡಿಯುತ್ತಿದ್ದಳು.

ಕೋಶಗಳ ಒಳಗೆ ನಡೆಯುವ ಅನರ್ಥ

ಈಗ ರೋಗವು ಈ ಕೋಶಗಳಿಗೆ ಏನು ಮಾಡುವುದೆಂಬುದನ್ನು ನೋಡೋಣ. ನಮ್ಮ ಕಾಸರಗೋಡು ಸೀಮೆಯ ಮಕ್ಕಳಿಗೆ ಅಡಕೆಯ ತೋಟ ಚೆನ್ನಾಗಿ ಗೊತ್ತು. ಆದುದರಿಂದ ತೋಟದ ದೃಷ್ಟಾಂತದಿಂದಲೇ ಹೇಳುವೆವು.

ಹಿಂದೆ ಅಡಕೆಯ ಮರವನ್ನು ಸೀಳಿ, ತಿರುಳನ್ನು ಕೆತ್ತಿ, ದಂಬೆಗಳನ್ನು ಮಾಡುತ್ತಿದ್ದರು. ಒಂದರ ತುದಿಗೆ ಇನ್ನೊಂದನ್ನು ಜೋಡಿಸಿ ಹಗ್ಗದಿಂದ ಬಿಗಿದು ಮೇಲಣ ಕೆರೆಯ ನೀರನ್ನು ತೋಟದ ಕೊನೆಯ ವರೆಗೆ ಒಯ್ಯುತ್ತಿದ್ದರು. ನರಕೋಶದಲ್ಲಿಯೂ ಇಂತಹ ದಂಬೆಗಳಿವೆ. ನರಕೋಶಕ್ಕೆ ಒಂದು ಒಡಲೂ ಅದರಿಂದ ಹೊರಟ ಉದ್ದವಾದ ತಂತುವೂ ಇರುತ್ತವೆ. ಒಡಲಿನಲ್ಲಿ ತಯಾರಾದ ಸಾಮಗ್ರಿಯು ತಂತುವಿನ ತುದಿಯನ್ನು ಮುಟ್ಟಬೇಕಾದರೆ ಸೂಕ್ಷ್ಮನಾಳಗಳೆಂಬ ದಾರಿಯಲ್ಲಿಯೇ ಹೋಗಬೇಕು. ಈ ನಾಳಗಳನ್ನು ಬಿಗಿಯಾಗಿ ಹಿಡಿದಿರುವ ಹಗ್ಗವೇ ಟೌ ಎಂಬ ಪ್ರೋಟೀನು. ಆಲ್ಝೈಮರ್ ರೋಗದಲ್ಲಿ ಟೌ ಪ್ರೋಟೀನಿಗೆ ರಂಜಕದ ಅಂಶವು ಅತಿಯಾಗಿ ಅಂಟಿಕೊಂಡು ಅದು ನಾಳದಿಂದ ಕಳಚಿಹೋಗುತ್ತದೆ. ಕಳಚಿದ ಹಗ್ಗಗಳು ಒಂದಕ್ಕೊಂದು ಸುತ್ತಿಕೊಂಡು ಸಿಕ್ಕಾಗುತ್ತವೆ. ಅತ್ತ ಹಗ್ಗವಿಲ್ಲದ ದಂಬೆಗಳು ಕುಸಿಯುತ್ತವೆ. ನೀರು ಕೊನೆಯ ಮರಕ್ಕೆ ತಲಪದಿದ್ದರೆ ಮರವೇನಾಗುವುದೆಂದು ಹೇಳಬೇಕಾಗಿಲ್ಲ. ಆಲ್ಝೈಮರನು ಕೋಶಗಳ ಒಳಗೆ ಕಂಡ ನೂಲಿನ ಸಿಕ್ಕುಗಳು ಇವೇ.

ಕೋಶಗಳ ಹೊರಗೆ ಅವನು ಕಂಡ ಹೆಪ್ಪುಗಳು ಬೇರೆ. ಅವು ಅಮಿಲಾಯ್ಡ್ ಎಂಬ ಇನ್ನೊಂದು ಪ್ರೋಟೀನಿನ ತುಣುಕುಗಳಿಂದಾದುವು. ಆ ತುಣುಕು ಎಂತಹುದೆಂಬುದನ್ನು ೧೯೮೪ರಲ್ಲಿ ಜಾರ್ಜ್ ಗ್ಲೆನ್ನರ್ ಎಂಬ ವಿಜ್ಞಾನಿಯು ಬೇರ್ಪಡಿಸಿ ತೋರಿಸಿದನು. ಆರೋಗ್ಯವಂತರ ಮಿದುಳಿನಲ್ಲಿಯೂ ಇದು ಹುಟ್ಟುತ್ತದೆ, ಹುಟ್ಟಿದಂತೆಯೇ ತೊಳೆದುಹೋಗುತ್ತದೆ. ತೊಳೆದುಹೋಗದೆ ನಿಂತಾಗ, ಕಣಿಯಲ್ಲಿ ಹೂಳು ತುಂಬುವಂತೆ, ಕೋಶಗಳ ನಡುವೆ ತುಂಬಿಕೊಳ್ಳುತ್ತದೆ. ದೊಡ್ಡ ಹೆಪ್ಪುಗಳಿಗಿಂತಲೂ ಅವು ಕಟ್ಟುವುದಕ್ಕೆ ಮೊದಲಿನ ಸಣ್ಣ ಸಣ್ಣ ಗುಂಪುಗಳೇ ನರಸಂಧಿಗಳಿಗೆ ಹೆಚ್ಚು ಹಾನಿಕರವೆಂದು ಈಗ ಅನೇಕ ವಿಜ್ಞಾನಿಗಳ ಅಭಿಪ್ರಾಯ. ಒಂದು ನರಕೋಶವು ಇನ್ನೊಂದಕ್ಕೆ ಸುದ್ದಿಯನ್ನು ದಾಟಿಸುವ ಸ್ಥಾನಕ್ಕೆ ನರಸಂಧಿಯೆಂದು ಹೆಸರು. ಹೂಳನ್ನು ತೆಗೆಯಲೆಂದು ಮಿದುಳಿನ ಕಾವಲು ಕೋಶಗಳು ಓಡಿಬರುತ್ತವೆ; ಆದರೆ ಅವುಗಳ ಹೋರಾಟವು ಎಡೆಬಿಡದೆ ಮುಂದುವರಿದಾಗ ಉರಿಯೂತವುಂಟಾಗಿ ನೆರೆಯ ಒಳ್ಳೆಯ ಕೋಶಗಳಿಗೂ ಪೆಟ್ಟು ತಗಲುತ್ತದೆ.

ಅಮಿಗ್ಡಲಕ್ಕೆ ತಗಲುವ ಪೆಟ್ಟು

ಈ ಅನರ್ಥವು ಮಿದುಳಿನ ಎಲ್ಲ ಕಡೆಯಲ್ಲಿಯೂ ಒಂದೇ ಕಾಲಕ್ಕೆ ಆರಂಭವಾಗುವುದಿಲ್ಲ. ೧೯೯೧ರಲ್ಲಿ ಜರ್ಮನಿಯ ಹೈಕೊ ಬ್ರಾಕ್ ಮತ್ತು ಎವಾ ಬ್ರಾಕ್ ಎಂಬ ದಂಪತಿಗಳು ಟೌ ಸಿಕ್ಕುಗಳು ಹರಡುವ ಕ್ರಮವನ್ನು ಆರು ಹಂತಗಳಾಗಿ ವಿಂಗಡಿಸಿದರು. ಮೊದಲ ಎರಡು ಹಂತಗಳಲ್ಲಿ ಹಿಪ್ಪೊಕ್ಯಾಂಪಸಿನ ಹೆಬ್ಬಾಗಿಲಿನಂತಿರುವ ಪದರವು ಕೆಡುತ್ತದೆ. ಅನಂತರದ ಎರಡು ಹಂತಗಳಲ್ಲಿ ಹಿಪ್ಪೊಕ್ಯಾಂಪಸ್ ಮತ್ತು ಅದರ ನೆರೆಮನೆಯಾದ ಅಮಿಗ್ಡಲ ಇವೆರಡಕ್ಕೂ ಪೆಟ್ಟು ಬಲವಾಗುತ್ತದೆ. ಕೊನೆಯ ಎರಡು ಹಂತಗಳಲ್ಲಿ ಮಿದುಳಿನ ಹೊರಪದರವೆಲ್ಲವೂ ಆಕ್ರಮಿಸಲ್ಪಡುತ್ತದೆ. ಅಂದಮೇಲೆ ಅಮಿಗ್ಡಲವು ಮೊದಲನೆಯ ಬಲಿಯಲ್ಲದಿದ್ದರೂ ಮುಂಚಿನ ಬಲಿಗಳಲ್ಲಿ ಒಂದು.

ಅಮಿಗ್ಡಲದೊಳಗಣ ಕೇಂದ್ರಗಳೆಲ್ಲವೂ ಸಮನಾಗಿ ಕೆಡುವುದಿಲ್ಲ. ಕೆಲವು ಕೇಂದ್ರಗಳಲ್ಲಿ ಸಿಕ್ಕುಗಳೂ ಹೆಪ್ಪುಗಳೂ ದಟ್ಟವಾಗಿ ಸೇರಿ ಕೋಶಗಳು ಸಾಯುತ್ತವೆ. ಇನ್ನು ಕೆಲವು ಕೇಂದ್ರಗಳು ಬಹುಕಾಲ ಉಳಿದುಕೊಳ್ಳುತ್ತವೆ. ಉಳಿದ ಕೋಶಗಳಲ್ಲಿಯೂ ಹಲವು ಕುಗ್ಗಿ ಸಣ್ಣದಾಗುತ್ತವೆ, ಅವುಗಳ ಕೊಂಬೆಗಳು ಉದುರುತ್ತವೆ. ಹೀಗೆ ಇಡೀ ಬಾದಾಮಿಯೇ ಬತ್ತುತ್ತದೆ. ರೋಗದ ಆರಂಭದಲ್ಲಿಯೇ ಅದು ಕಿರಿದಾಗಿರುವುದನ್ನು ಎಂ.ಆರ್.ಐ. ಚಿತ್ರಗಳಲ್ಲಿ ಅಳೆದು ತೋರಿಸಿರುವರು.

ಇನ್ನೊಂದು ನಷ್ಟವನ್ನೂ ಹೇಳಬೇಕು. ಮಿದುಳಿನ ತಳಭಾಗದಲ್ಲಿರುವ ಒಂದು ಕೋಶಸಮೂಹವು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ವಸ್ತುವಿನ ಮೂಲಕ ಅಮಿಗ್ಡಲಕ್ಕೆ ಯಥೇಚ್ಛವಾಗಿ ಸಂದೇಶಗಳನ್ನು ಕಳುಹಿಸುತ್ತದೆ. ಆಲ್ಝೈಮರ್ ರೋಗದಲ್ಲಿ ಆ ಸಮೂಹವೂ ಕ್ಷಯಿಸುವುದರಿಂದ ಅಮಿಗ್ಡಲಕ್ಕೆ ಬರುತ್ತಿದ್ದ ಸಂದೇಶಗಳು ಕಡಿಮೆಯಾಗುತ್ತವೆ. ಒಳಗಿನ ಕೋಶಗಳೂ ಕ್ಷೀಣ, ಹೊರಗಿನ ಸಹಾಯವೂ ಕ್ಷೀಣ.

ಕೋಬೆ ನಗರದ ಭೂಕಂಪ

ಅಮಿಗ್ಡಲದ ಪಾಲು ಎಷ್ಟೆಂಬುದನ್ನು ತೋರಿಸುವ ಒಂದು ನಿಜಸಂಗತಿ ಜಪಾನ್ ದೇಶದಲ್ಲಿ ನಡೆಯಿತು. ೧೯೯೫ರ ಜನವರಿ ೧೭ರಂದು ಬೆಳಗಿನ ಜಾವ ಕೋಬೆ ನಗರವು ಭಯಂಕರವಾದ ಭೂಕಂಪಕ್ಕೆ ಗುರಿಯಾಯಿತು. ಆರು ಸಾವಿರಕ್ಕೂ ಹೆಚ್ಚು ಜನರು ಮಡಿದರು. ಆ ಸೀಮೆಯಲ್ಲಿ ಆಲ್ಝೈಮರ್ ರೋಗಿಗಳೂ ಇದ್ದರಷ್ಟೆ. ಬೆಳಿಗ್ಗೆ ಉಂಡುದನ್ನು ಮಧ್ಯಾಹ್ನಕ್ಕೆ ಮರೆಯುವ ಅವರಿಗೆ ಆ ಭೂಕಂಪವು ನೆನಪಿದೆಯೆ ಎಂದು ಅಲ್ಲಿನ ವೈದ್ಯರು ಪರೀಕ್ಷಿಸಿದರು. ಸಾಮಾನ್ಯ ಸಂಗತಿಗಳನ್ನು ಮರೆತುಬಿಟ್ಟಿದ್ದ ಅನೇಕ ರೋಗಿಗಳಿಗೆ ಭೂಕಂಪವು ನಡೆದುದು ನೆನಪಿನಲ್ಲಿತ್ತು!

೧೯೯೯ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಭೂಕಂಪದ ಕಾಲಕ್ಕೆ ತಮ್ಮ ಮನೆಗಳಲ್ಲಿದ್ದ ೩೬ ಮಂದಿ ರೋಗಿಗಳ ಮಿದುಳಿನ ಚಿತ್ರಗಳನ್ನು ತೆಗೆದು ಅಮಿಗ್ಡಲದ ಗಾತ್ರವನ್ನು ಅಳೆದರು. ಯಾರಲ್ಲಿ ಅಮಿಗ್ಡಲವು ಹೆಚ್ಚು ಉಳಿದಿತ್ತೊ ಅವರಿಗೆ ಆ ದಿನದ ಅನುಭವವೂ ಹೆಚ್ಚು ನೆನಪಿತ್ತು. ಯಾರಲ್ಲಿ ಅದು ಹೆಚ್ಚು ಬತ್ತಿತ್ತೊ ಅವರಿಗೆ ಅಂತಹ ಭಯಂಕರ ಅನುಭವವೂ ಮಸುಕಾಗಿತ್ತು. ಗುಮಾಸ್ತನು ಕೆಲಸ ಬಿಟ್ಟರೂ, ಕೆಂಪು ಗೆರೆಯನ್ನೆಳೆಯುವವನಲ್ಲಿ ಅಷ್ಟಿಷ್ಟು ತ್ರಾಣವಿರುವ ತನಕ ಮನಸ್ಸನ್ನು ಕಲಕಿದ ಸಂಗತಿಯು ಪೂರ್ತಿಯಾಗಿ ಅಳಿಯುವುದಿಲ್ಲವೆಂಬುದು ಇದರಿಂದ ತಿಳಿಯುವ ಪಾಠ.

ಮನೆಯಲ್ಲಿ ಕಾಣುವುದೇನು?

ಈಗ ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಮರೆವಿನೊಡನೆ ಸಿಟ್ಟೇಕೆ?

ಅಜ್ಜಿಯವರ ಸ್ಥಾನದಲ್ಲಿ ನಾವೇ ನಿಂತು ನೋಡೋಣ. ಸಂಚಿಯನ್ನು ಅಕ್ಕಿಯ ಡಬ್ಬಿಯಲ್ಲಿ ಇಟ್ಟುದು ನೆನಪಿನ ಪುಸ್ತಕದಲ್ಲಿ ಬರೆಯಲ್ಪಟ್ಟೇ ಇಲ್ಲ. ಆದುದರಿಂದ ಅವರ ಮಟ್ಟಿಗೆ ತಾವು ಇಟ್ಟುದೇ ಸುಳ್ಳು. ಇದ್ದ ಸ್ಥಳದಲ್ಲಿ ಸಂಚಿ ಇಲ್ಲದಿರುವುದೊಂದೇ ಸತ್ಯ. ಆರೋಗ್ಯವಂತರಾದರೆ “ಎಲ್ಲೋ ಇಟ್ಟಿರಬೇಕು” ಎಂದು ಸಮಾಧಾನ ತಂದುಕೊಳ್ಳುವರು. ಅಪಾಯ ಯಾವುದು, ಅಪಾಯವಲ್ಲದ್ದು ಯಾವುದು ಎಂದು ತೂಗಿ ನೋಡುವ ಯಂತ್ರವೇ ಕೆಟ್ಟವರಿಗೆ ಆ ಸಮಾಧಾನ ಸುಲಭವಲ್ಲ. ಇತರರ ಮುಖಭಾವವನ್ನು ಸರಿಯಾಗಿ ಓದುವ ಶಕ್ತಿಯೂ ಈ ರೋಗದಲ್ಲಿ ಕುಂದುತ್ತದೆ. ಮೊಮ್ಮಗನ ಗಾಬರಿಯ ಮುಖವು ಕಳ್ಳನ ಮುಖದಂತೆ ಕಂಡರೆ ಆಶ್ಚರ್ಯವಿಲ್ಲ. ಹೀಗೆ ಮರೆವಿನಿಂದ ಸಂಶಯ, ಸಂಶಯದಿಂದ ಭಯ, ಭಯದಿಂದ ಸಿಟ್ಟು. ವಸ್ತುಗಳನ್ನು ಮನೆಯವರೇ ಕದ್ದರೆಂದು ದೂರುವುದು ಈ ರೋಗದಲ್ಲಿ ಎಲ್ಲ ದೇಶಗಳಲ್ಲಿಯೂ ಕಾಣುವ ಲಕ್ಷಣ. ಅದು ಅಜ್ಜಿಯವರ ಸ್ವಭಾವವಲ್ಲ, ಮೊಮ್ಮಗನ ದೋಷವೂ ಅಲ್ಲ. ಇದರಲ್ಲಿ ಮಿದುಳಿನ ಬೇರೆ ಭಾಗಗಳಿಗೂ ಪಾಲಿದೆ, ಅಮಿಗ್ಡಲವೊಂದೇ ಕಾರಣವಲ್ಲ ಎಂಬುದನ್ನೂ ಮರೆಯಬಾರದು.

ಎಲ್ಲ ರೋಗಿಗಳೂ ಒಂದೇ ರೀತಿಯಾಗಿರುವುದಿಲ್ಲ. ಕೆಲವರಲ್ಲಿ ಕಳವಳ ಮತ್ತು ಸಿಡುಕು ಹೆಚ್ಚುತ್ತವೆ. ಮತ್ತೆ ಕೆಲವರು ಯಾವುದರಲ್ಲಿಯೂ ಆಸಕ್ತಿಯಿಲ್ಲದೆ ಸುಮ್ಮನೆ ಕುಳಿತುಬಿಡುವರು. ನಿಜವಾದ ಅಪಾಯವನ್ನು ಅರಿಯದೆ ಉರಿಯುವ ಒಲೆಯ ಕಡೆಗೋ ವಾಹನಗಳಿರುವ ರಸ್ತೆಯ ಕಡೆಗೋ ನಡೆದುಬಿಡುವವರೂ ಇದ್ದಾರೆ. ಆದುದರಿಂದ ರೋಗಿಯನ್ನು ಗದರಿಸುವುದಕ್ಕಿಂತ ಮನೆಯನ್ನು ಸುರಕ್ಷಿತವಾಗಿಡುವುದು ಮೇಲು.

ಔಷಧಗಳೂ ಮುನ್ನೆಚ್ಚರಿಕೆಯೂ

ಸತ್ತ ನರಕೋಶಗಳನ್ನು ಮರಳಿ ಹುಟ್ಟಿಸುವ ಔಷಧವು ಇಲ್ಲ. ಅಸಿಟೈಲ್‌ಕೋಲಿನ್ ಬೇಗನೆ ನಾಶವಾಗದಂತೆ ತಡೆಯುವ ಡೊನೆಪೆಜಿಲ್ ಮೊದಲಾದ ಮಾತ್ರೆಗಳು ೧೯೯೦ರ ದಶಕದಿಂದ ಬಳಕೆಯಲ್ಲಿವೆ. ಅವು ಕೆಲವು ಕಾಲ ಲಕ್ಷಣಗಳನ್ನು ಹಗುರಗೊಳಿಸಬಹುದು. ಅಮಿಲಾಯ್ಡ್ ಹೆಪ್ಪನ್ನು ಕರಗಿಸುವ ಲೆಕಾನೆಮ್ಯಾಬ್ ಎಂಬ ಔಷಧಕ್ಕೆ ೨೦೨೩ರಲ್ಲಿಯೂ ಡೊನಾನೆಮ್ಯಾಬ್ ಎಂಬುದಕ್ಕೆ ೨೦೨೪ರಲ್ಲಿಯೂ ಅಮೇರಿಕಾದಲ್ಲಿ ಪೂರ್ಣ ಮಂಜೂರಾತಿ ದೊರಕಿತು. ಇವು ಆರಂಭದ ಹಂತದ ರೋಗವನ್ನು ಸ್ವಲ್ಪ ನಿಧಾನಗೊಳಿಸುತ್ತವೆ, ಗುಣಪಡಿಸುವುದಿಲ್ಲ. ಮಿದುಳಿನಲ್ಲಿ ಊತ ಮತ್ತು ರಕ್ತಸ್ರಾವದ ಅಪಾಯವೂ ಇದೆ.

ಹೆತ್ತವರು ಗಮನಿಸಬೇಕಾದ ಒಂದು ಮಾತು. ಮರೆವೆಲ್ಲವೂ ಆಲ್ಝೈಮರ್ ಅಲ್ಲ. ಥೈರಾಯ್ಡ್ ಗ್ರಂಥಿಯ ದೋಷ, ಬಿ-೧೨ ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಕೆಲವು ಔಷಧಗಳ ಪರಿಣಾಮ ಇವುಗಳಿಂದಲೂ ಮರೆವು ಬರುವುದುಂಟು, ಇವಕ್ಕೆ ಚಿಕಿತ್ಸೆಯಿದೆ. ಆದುದರಿಂದ “ಅರಳುಮರಳು” ಎಂದು ಕೈಬಿಡದೆ ವೈದ್ಯರಲ್ಲಿಗೆ ಕರೆದೊಯ್ಯುವುದು ಮಕ್ಕಳ ಕರ್ತವ್ಯ. ಭಾರತದಲ್ಲಿ ೬೦ ವರ್ಷ ಮೀರಿದವರಲ್ಲಿ ನೂರಕ್ಕೆ ಸುಮಾರು ೭.೪ ಮಂದಿಗೆ, ಅಂದರೆ ಸುಮಾರು ೮೮ ಲಕ್ಷ ಜನರಿಗೆ, ಬುದ್ಧಿಕ್ಷಯದ ತೊಂದರೆಯಿದೆಯೆಂದು ೨೦೨೩ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯು ಅಂದಾಜು ಮಾಡಿದೆ. ಬುದ್ಧಿಕ್ಷಯದ ಕಾರಣಗಳಲ್ಲಿ ಆಲ್ಝೈಮರ್ ರೋಗವೇ ಅತಿ ಸಾಮಾನ್ಯವಾದುದು. ಇಂತಹ ರೋಗಿಗಳ ಕುಟುಂಬಗಳಿಗೆ ನೆರವಾಗಲೆಂದು ಭಾರತೀಯ ಆಲ್ಝೈಮರ್ ಸಂಘವು ೧೯೯೨ರಲ್ಲಿ ನಮ್ಮ ಕೇರಳದಲ್ಲಿಯೇ ಸ್ಥಾಪಿತವಾಯಿತು.

ರೋಗವನ್ನು ಪೂರ್ಣವಾಗಿ ತಡೆಯಲಾಗದಿದ್ದರೂ ದೂರ ಸರಿಸಲು ಸಾಧ್ಯವಿದೆ. ೨೦೨೪ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಮಂಡಲಿಯು ೧೪ ಕಾರಣಗಳನ್ನು ಪಟ್ಟಿಮಾಡಿ, ಅವುಗಳನ್ನು ನಿವಾರಿಸಿದರೆ ಬುದ್ಧಿಕ್ಷಯದ ಪ್ರಸಂಗಗಳಲ್ಲಿ ನೂರಕ್ಕೆ ಸುಮಾರು ೪೫ನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಕಿವುಡು, ತಲೆಯ ಪೆಟ್ಟು, ಒಂಟಿತನ ಇವು ಆ ಪಟ್ಟಿಯಲ್ಲಿವೆ. ಬಾಲ್ಯದಲ್ಲಿ ವಿದ್ಯೆ ಸಾಲದಿರುವುದೂ ಇದೆ. ೨೦೧೩ರಲ್ಲಿ ಡಾ. ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ೬೪೮ ರೋಗಿಗಳನ್ನು ಪರೀಕ್ಷಿಸಿ, ಎರಡು ಅಥವಾ ಹೆಚ್ಚು ಭಾಷೆಗಳನ್ನಾಡುವವರಲ್ಲಿ ಬುದ್ಧಿಕ್ಷಯವು ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತೆಂದು ವರದಿಮಾಡಿದರು. ಈ ವಿಷಯದಲ್ಲಿ ವಿಜ್ಞಾನಿಗಳೆಲ್ಲರೂ ಏಕಾಭಿಪ್ರಾಯದವರಲ್ಲ. ಆದರೂ ಮನೆಯಲ್ಲಿ ತುಳುವನ್ನೋ ಹವ್ಯಕವನ್ನೋ, ಪೇಟೆಯಲ್ಲಿ ಮಲಯಾಳವನ್ನು, ಶಾಲೆಯಲ್ಲಿ ಕನ್ನಡವನ್ನು ಆಡುವ ನಮ್ಮ ಮಕ್ಕಳು ಅದನ್ನು ಹೊರೆಯೆಂದು ತಿಳಿಯದಿರಲು ಇದೂ ಒಂದು ಕಾರಣವಾಗಲಿ.

ಸಂಗತಿ ಮರೆತರೂ ಭಾವ ಉಳಿಯುವುದು

ಕೊನೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಅಮೇರಿಕಾದ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಆಲ್ಝೈಮರ್ ರೋಗವಿದ್ದ ೧೭ ಮಂದಿಗೆ ದುಃಖದ ಚಲನಚಿತ್ರದ ತುಣುಕುಗಳನ್ನೂ, ಬೇರೆ ಸಲ ಸಂತೋಷದ ತುಣುಕುಗಳನ್ನೂ ತೋರಿಸಿದರು. ೨೦೧೪ರಲ್ಲಿ ಪ್ರಕಟವಾದ ಅದರ ಫಲಿತಾಂಶವು ಹೀಗಿತ್ತು: ಸ್ವಲ್ಪ ಹೊತ್ತಿನೊಳಗೆ ರೋಗಿಗಳು ತಾವು ನೋಡಿದುದರ ಬಹುಭಾಗವನ್ನು ಮರೆತಿದ್ದರು, ಆದರೆ ಆ ದುಃಖವಾಗಲಿ ಸಂತೋಷವಾಗಲಿ ಅವರ ಮನಸ್ಸಿನಲ್ಲಿ ಇನ್ನೂ ಉಳಿದೇ ಇತ್ತು. ಏಕೆ ದುಃಖವೆಂದು ಅವರಿಗೆ ತಿಳಿಯದು. ದುಃಖ ಮಾತ್ರ ಇದೆ.

ಅಮಿಗ್ಡಲವು ಬತ್ತುವುದಾದರೆ ಭಾವವು ಹೇಗೆ ಉಳಿಯಿತೆಂದು ಜಾಣ ವಿದ್ಯಾರ್ಥಿಗಳು ಕೇಳಬಹುದು. ಬತ್ತುವುದು ಒಂದೇ ದಿನದಲ್ಲಿ ಅಲ್ಲ, ಪೂರ್ತಿಯಾಗಿಯೂ ಅಲ್ಲವೆಂದು ಮೇಲೆ ಹೇಳಿದೆವು. ಉಳಿದ ಕೋಶಗಳು ಕೊನೆಯ ವರೆಗೂ ತಮ್ಮಿಂದಾದಷ್ಟು ಕೆಲಸ ಮಾಡುತ್ತಲೇ ಇರುತ್ತವೆ. ಭಾವಗಳಿಗೆ ಮಿದುಳಿನ ಬೇರೆ ಭಾಗಗಳ ಆಶ್ರಯವೂ ಇದೆ.

ಇದರ ಅರ್ಥವನ್ನು ಚೆನ್ನಾಗಿ ಗ್ರಹಿಸಿಕೊಳ್ಳಿರಿ. “ಈಗ ತಾನೆ ಹೇಳಿದೆನಲ್ಲ, ಎಷ್ಟು ಸಲ ಕೇಳುವಿರಿ?” ಎಂದು ನೀವು ಅಜ್ಜನನ್ನು ಗದರಿಸಿದರೆ ಆ ಮಾತು ಅವರಿಗೆ ಮರೆತುಹೋಗುವುದು, ಮಾತಿನ ಗಾಯ ಮರೆತುಹೋಗದು. ಹತ್ತಿರ ಕುಳಿತು ಕೈಹಿಡಿದುಕೊಂಡು ನಾಲ್ಕು ಮಾತನಾಡಿದರೆ, ನೀವು ಬಂದುದೇ ಅವರಿಗೆ ಮರೆತುಹೋದೀತು. ಆದರೆ ನೀವು ತಂದ ನೆಮ್ಮದಿ ಅವರಲ್ಲಿ ಉಳಿದೀತು. ನೆನಪಿಲ್ಲದವರಿಗೆ ಮಾಡಿದ ಉಪಕಾರವು ವ್ಯರ್ಥವೆಂದು ಹೇಳುವವರುಂಟು. ಮಿದುಳಿನ ವಿಜ್ಞಾನವು ಅದು ವ್ಯರ್ಥವಲ್ಲವೆಂದು ಹೇಳುತ್ತದೆ.

ಆದುದರಿಂದ ಇಂತಹ ಹಿರಿಯರಿರುವ ಮನೆಯ ಮಕ್ಕಳಿಗೆ ನಮ್ಮ ಸೂಚನೆಗಳು ಇವು. ಅವರು ಕೇಳಿದ ಪ್ರಶ್ನೆಗೆ ಹತ್ತನೆಯ ಸಲವೂ ಮೊದಲ ಸಲದಂತೆಯೇ ಉತ್ತರ ಕೊಡಿರಿ. ತಪ್ಪು ಹೆಸರಿನಿಂದ ಕರೆದರೆ ನಗಬೇಡಿರಿ. ವಸ್ತುವು ಕಾಣೆಯಾಯಿತೆಂದರೆ ವಾದಿಸದೆ, “ಬನ್ನಿ ಅಜ್ಜಿ, ಒಟ್ಟಿಗೆ ಹುಡುಕುವ” ಎನ್ನಿರಿ. ಎದುರಿಗೆ ಬಂದು, ಮುಖ ಕಾಣುವಂತೆ ನಿಂತು, ಮೆಲ್ಲನೆ ಮಾತನಾಡಿರಿ. ಅವರು ದೂರಿದರೆ, ದೂರುತ್ತಿರುವುದು ರೋಗವೆಂದು ತಿಳಿಯಿರಿ. ಹೆತ್ತವರಲ್ಲಿ ನಮ್ಮ ವಿನಂತಿಯೂ ಒಂದಿದೆ. ಹಗಲಿರುಳು ಆರೈಕೆ ಮಾಡುವವರು ಮನೆಯಲ್ಲಿ ಸಾಮಾನ್ಯವಾಗಿ ಒಬ್ಬರೇ ಆಗಿರುವರು, ಅವರು ಬಹುಮಟ್ಟಿಗೆ ಸೊಸೆಯೋ ಮಗಳೋ ಆಗಿರುವರು. ಅವರ ದಣಿವನ್ನೂ ಇತರರು ಹಂಚಿಕೊಳ್ಳಲಿ. ಮನೆಯಲ್ಲಿ ಇಂತಹ ಕಾಯಿಲೆಯಿದ್ದರೆ ಶಾಲೆಗೂ ತಿಳಿಸಿರಿ. ಮಗುವಿನ ಅಳುವನ್ನು ನಾವು ಇನ್ನೊಮ್ಮೆ ತಪ್ಪಾಗಿ ತಿಳಿಯದಿರಲು ಅದು ಸಹಾಯವಾಗುವುದು.

ನಾವು ಆರಂಭದಲ್ಲಿ ಹೇಳಿದ ಬಾಲಕನು ಈ ಪಾಠದ ಕರಡನ್ನು ಓದಿದನು. ಅವನ ಅಜ್ಜಿಯವರು ಈಗ ಅವನನ್ನು ತಮ್ಮ ತೀರಿಹೋದ ತಮ್ಮನೆಂದು ತಿಳಿದು ಆ ಹೆಸರಿನಿಂದಲೇ ಕರೆಯುವರಂತೆ. “ನೀನು ಏನು ಮಾಡುವೆ?” ಎಂದು ಕೇಳಿದೆವು. “ಓಗೊಡುತ್ತೇನೆ ಮ��ಸ್ಟ್ರೆ” ಎಂದನು.